ಸ್ಯಾಕ್ಸೋಫೋನ್ ಪೆಟ್ಟಿಗೆಯ ತಳದಲ್ಲಿದ್ದ ನಾಲ್ಕನೇ ಸಾಲು

ಬ್ಯಾಂಡಿನ ಕೆಲಸಕ್ಕೆ ಹೊಸದಾಗಿ ಸೇರುವವರು ಸ್ಯಾಕ್ಸೋಫೋನ್ ಎಷ್ಟು ತೂಕ ಇರುತ್ತದೆ ಎಂದು ಕೇಳುತ್ತಾರೆ, ಕಲಿಯಲು ಎಷ್ಟು ದಿನ ಬೇಕು ಎಂದು ಕೇಳುತ್ತಾರೆ. ಹಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಈ ವಾದ್ಯ ನಿಲ್ಲುವುದೇ ಮೇಲಿನ ಎರಡು ಮುಂಬಲ್ಲಿನ ಮೇಲೆ. ಅವು ಇರುವ ತನಕ ನೀವು ಕಲಾವಿದರು. ನನ್ನವು ಮೂರು ವರ್ಷದ ಹಿಂದೆ, ಆಳಂದ ಬಸ್ ನಿಲ್ದಾಣದಲ್ಲಿ, ಹುರಿದ ಕಡಲೆ ತಿನ್ನುವಾಗ ಒಂದರ ಹಿಂದೆ ಒಂದು ಕೈಕೊಟ್ಟವು. ಅಲ್ಲಿಗೆ ನನ್ನ ನಲವತ್ತು ವರ್ಷದ ದುಡಿಮೆ ಮುಗಿಯಿತು. ಹಾರ ಇಲ್ಲ, ಶಾಲು ಇಲ್ಲ. ಉಳಿದ ಕಡಲೆಯನ್ನು ಜೊತೆಗಿದ್ದ ಭೀಮಶಾ ತಿಂದ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆದರೂ ಬರೆಯಲು ಕೂತಿದ್ದೇನೆ. ಈ ಕೆಲಸ ನಿಜವಾಗಿ ಹೇಗಿತ್ತು ಎಂದು ಈಗಿನವರಿಗೆ ಯಾರೂ ಹೇಳಿಲ್ಲ, ಅದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಅಣ್ಣ ಅಂಬಾರಾಯ. ಅವನಿಗೆ ನಾನು ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಅವನು ಸಂಗೀತ ಬರೆಯುವುದನ್ನೇ ಬಿಟ್ಟ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ನಾನು ಮತ್ತೆ ಸುಳ್ಳು ಹೇಳಿದಂತೆ. ಆದರೆ ಮೊದಲೇ ಅದನ್ನು ಹೇಳಿಬಿಡುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ಆದ್ದರಿಂದ ಹುಣಸೆಹಣ್ಣಿನಿಂದ ಶುರು ಮಾಡುತ್ತೇನೆ.

ಮದುವೆ ಮನೆಯಲ್ಲಿ ಊದುವವರ ಎದುರಿಗೆ ಕೂತು ಹುಣಸೆಹಣ್ಣು ಚೀಪುವುದು ನಮ್ಮ ಕಡೆಯ ಹಳೆಯ ಕಿತಾಪತಿ. ನೋಡಿದವನ ಬಾಯಲ್ಲಿ ನೀರೂರುತ್ತದೆ. ನೀರು ರೀಡಿಗೆ ಇಳಿಯುತ್ತದೆ. ರೀಡ್ ಎಂದರೆ ತುಟಿಗೆ ತಾಗುವ ತೆಳ್ಳಗಿನ ಬೆತ್ತದ ಚಕ್ಕೆ. ಅದು ಅಳತೆ ಮೀರಿ ತೊಯ್ದರೆ ಹಾಡು ಹೋಗಿ ಬರೀ ಗುಳುಗುಳು ಉಳಿಯುತ್ತದೆ. ಚಿಕ್ಕ ಮಕ್ಕಳು ಮಾಡಿದರೆ ಗದರಿಸಬಹುದು. ಅತನೂರಿನ ಒಂದು ಮದುವೆಯಲ್ಲಿ ಇದನ್ನು ಮಾಡಿದ್ದು ಮದುಮಗಳ ಅಜ್ಜಿ. ಉಪ್ಪು, ಖಾರ ಹಚ್ಚಿಕೊಂಡು, ನನ್ನ ಮುಖದ ಮೇಲಿನ ಕಣ್ಣು ತೆಗೆಯದೆ, ಒಂದೊಂದೇ ಬೀಜ ಉಗುಳುತ್ತ ಚೀಪಿದಳು.

“ಊದೋ ತಮ್ಮಾ, ನಿಂತಿ ಯಾಕ? ರೊಕ್ಕ ತಗೊಂಡಿ ಇಲ್ಲೊ?”

“ಕಣ್ಣು ಮುಚ್ಚಲೇ,” ಎಂದ ಅಣ್ಣ ಪಕ್ಕದಿಂದ.

ಕಣ್ಣು ಮುಚ್ಚಿ ಊದುತ್ತ ನಡೆದೆ. ಹಂದರದ ಕಂಬ ನಡುವೆ ಬಂತು. ಆ ಮದುವೆಯ ಫೋಟೋದಲ್ಲಿ ಮದುಮಗನಿಗಿಂತ ನನ್ನ ಹಣೆಯ ಬುಗುಟು ಚೆನ್ನಾಗಿ ಬಂದಿದೆಯಂತೆ.

ರೀಡಿನ ಮಾತು ಬಂದಿದ್ದಕ್ಕೆ ಒಂದು ಕೆಲಸದ ಮಾತು ಹೇಳಿಬಿಡುತ್ತೇನೆ. ಬೆಳಗ್ಗೆ ರೀಡನ್ನು ಬಾಯಲ್ಲಿ ನೆನೆಸಿ, ಹದ ಬಂತೇ ಎಂದು ನೋಡಲು ಒಬ್ಬೊಬ್ಬರು ಒಂದೊಂದು ಸ್ವರದ ತುಣುಕು ಊದುತ್ತಾರೆ. ನಿಮ್ಮದೊಂದು ಇಟ್ಟುಕೊಳ್ಳಿ, ಬದಲಿಸಬೇಡಿ. ಅದೇ ಸ್ವರ ದಿನಾ ಊದಿದರೆ ರೀಡ್ ಇವತ್ತು ಹೇಗಿದೆ ಎಂದು ಕಿವಿಗೆ ತಿಳಿಯುತ್ತದೆ. ನನ್ನದು ಐದು ಸ್ವರ: ಎರಡು ಹತ್ತುವುದು, ಒಂದು ಜಿಗಿಯುವುದು, ಎರಡು ಇಳಿಯುವುದು. ಹನ್ನೆರಡು ವರ್ಷದವನಿದ್ದಾಗ ಬಾಯಿಗೆ ಬಂದದ್ದು, ನಲವತ್ತು ವರ್ಷ ಅದೇ. ನಾನು ಅದನ್ನು ಊದುವುದು, ವೈನಿ ಕೋಳಿಗಳಿಗೆ ಕಾಳು ಹಾಕುವುದು ಒಂದೇ ಹೊತ್ತಿಗೆ ಆಗಿ, ಕೋಳಿಗಳು ನನ್ನ ಐದು ಸ್ವರಕ್ಕೆ ಗೂಡಿನಿಂದ ಹೊರಗೆ ಓಡಿ ಬರುತ್ತಿದ್ದವು. ಇಷ್ಟು ನಂಬಿಕೆಯಿಂದ ನನ್ನನ್ನು ಕೇಳಿದವರು ಬೇರೆ ಯಾರೂ ಇಲ್ಲ.

ವೈನಿ ಎಂದರೆ ಅಣ್ಣನ ಹೆಂಡತಿ. ಆಳಂದದಲ್ಲಿ ನಮ್ಮದು ಒಂದು ಅಂಗಳ, ಎರಡು ಬಾಗಿಲು. ಒಂದು ಬಾಗಿಲು ಅಣ್ಣ, ವೈನಿಯದು. ಇನ್ನೊಂದು ನನ್ನದು, ನನ್ನ ಹೆಂಡತಿ ನೀಲಮ್ಮನದು. ಬ್ಯಾಂಡ್ ಕಟ್ಟಿದವರು ಅಪ್ಪ. ಅವರ ನಂತರ ಅಣ್ಣ ಮಾಸ್ತರನಾದ. ನನಗಿಂತ ಆರು ವರ್ಷ ದೊಡ್ಡವನು.

ಅವನು ನನ್ನನ್ನು ‘ಕುರಿ’ ಎಂದು ಕರೆಯಲು ಶುರು ಮಾಡಿದ್ದು ಅಫಜಲಪುರದಲ್ಲಿ. ಒಂದೇ ದಿನ ಎರಡು ಮದುವೆಯ ಮೆರವಣಿಗೆ, ಒಂದೇ ಚೌಕದಲ್ಲಿ ಎದುರಾದವು. ಅವರ ಬ್ಯಾಂಡ್ ಸೊಲ್ಲಾಪುರದಿಂದ ಬಂದದ್ದು, ನಮ್ಮ ಎರಡರಷ್ಟು ಜನ, ನಮ್ಮ ನಾಲ್ಕರಷ್ಟು ಸದ್ದು. ನಾನು ಹಿಂದಿನ ಸಾಲಿನಲ್ಲಿದ್ದೆ. ಮೊದಲು ನನ್ನ ಬೆರಳು ಅವರ ಹಾಡಿಗೆ ಹೋದವು. ಆಮೇಲೆ ಕಾಲು ಹೋದವು. ಕಿವಿಗೆ ಜೋರಾಗಿ ಬಿದ್ದದ್ದನ್ನು ಅರೆಗಳಿಗೆ ತಡವಾಗಿ ಊದುವುದು ನನಗೆ ಉಸಿರಾಡಿದಷ್ಟು ಸಹಜ. ಊದುತ್ತ ಊದುತ್ತ ಬೇರೆಯವರ ಹಂದರಕ್ಕೆ ಹೋದೆ. ಅವರು ಕೂರಿಸಿ ಹೋಳಿಗೆ ಬಡಿಸಿದರು. ಎರಡನೇ ಹೋಳಿಗೆಗೆ ತುಪ್ಪ ಬೀಳುವಾಗ ಅವರ ಮಾಸ್ತರ ನನ್ನ ಕೋಟಿನ ಬಣ್ಣ ನೋಡಿದ.

“ನೀ ಯಾರಪ್ಪಾ?”

ಅಷ್ಟರಲ್ಲಿ ಅಣ್ಣ ಹುಡುಕುತ್ತ ಬಂದು ಬಾಗಿಲಲ್ಲಿ ನಿಂತಿದ್ದ. “ನಮ್ಮ ಕುರಿ ಅದರಿ. ಮುಂದಿಂದು ಯಾವ ಕಡೆ ಹೋಗ್ತದೊ ಆ ಕಡೆ ಹೋಗ್ತದ,” ಎಂದ. ಹೋಳಿಗೆ ಮುಗಿಸಲು ಬಿಟ್ಟ. ಅಷ್ಟು ಒಳ್ಳೆಯವನು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನನಗೆ ನೋಟೇಶನ್ ಓದಲು ಬರುತ್ತಿರಲಿಲ್ಲ.

ಫೌಜಿನ ಬ್ಯಾಂಡಿನಿಂದ ನಿವೃತ್ತರಾಗಿ ಆಳಂದಕ್ಕೆ ಬಂದು ನೆಲೆಸಿದ್ದ ಇಮಾಮ್ ಮಾಸ್ತರ ನಮ್ಮ ಗುರುಗಳು. ಅವರು ಐದು ಗೆರೆ ಎಳೆದು ಅದರ ಮೇಲೆ ಕರಿ ಚುಕ್ಕೆ ಇಟ್ಟು ಸಂಗೀತ ಬರೆಯುವುದನ್ನು ಕಲಿಸಿದರು. ಅಣ್ಣ ಹದಿನೈದು ದಿನದಲ್ಲಿ ಕಲಿತ. ನನಗೆ ಅದು ತೊಗರಿಗೆ ನುಸಿ ಹತ್ತಿದ ಹಾಗೆ ಕಾಣುತ್ತಿತ್ತು. ಮಾಸ್ತರ ಪರೀಕ್ಷೆ ಮಾಡುವಾಗ ಮೊದಲು ಅಣ್ಣನಿಗೆ ಊದಲು ಹೇಳುತ್ತಿದ್ದರು, ಆಮೇಲೆ ನನಗೆ. ಅಣ್ಣ ಊದಿದ್ದನ್ನು ಕೇಳಿ ನಾನು ಹಾಗೆಯೇ ಊದಿದೆ, ಕಣ್ಣು ಕಾಗದದ ಮೇಲಿಟ್ಟು. “ಶಾಬಾಸ್ ಬೇಟಾ, ನೀನೂ ಕಲಿತಿ,” ಎಂದರು. ಆ ಶಾಬಾಸೇ ನನ್ನನ್ನು ಕೆಡಿಸಿದ್ದು. ಒಮ್ಮೆ ಕಲಿತವನು ಎಂದು ಹೆಸರಾದ ಮೇಲೆ ಮತ್ತೆ ಕಲಿಯಲು ಹೋಗುವುದು ಹೇಗೆ?

ಆಮೇಲೆ ಎಲ್ಲವೂ ಸುಲಭವಾಯಿತು. ಅಣ್ಣ ಹಾಳೆ ತಿರುವಿದಾಗ ನಾನೂ ತಿರುವುತ್ತಿದ್ದೆ. ಅಣ್ಣ ಹುಬ್ಬು ಗಂಟಿಕ್ಕಿದರೆ ನಾನೂ ಗಂಟಿಕ್ಕುತ್ತಿದ್ದೆ. ಬ್ಯಾಂಡಿನಲ್ಲಿ ಎಲ್ಲರೂ ಊದುವುದು ಒಂದೇ ಹಾಡು, ಒಟ್ಟಿಗೆ. ಹತ್ತು ಜನರ ನಡುವೆ ಅರೆಗಳಿಗೆ ಹಿಂದಿರುವವನನ್ನು ಯಾರು ಹಿಡಿಯುತ್ತಾರೆ? ಜೇವರ್ಗಿಯಲ್ಲಿ ಒಬ್ಬ ಶಾಲಾ ಮಾಸ್ತರ ಮಾತ್ರ ಹತ್ತಿರ ಬಂದು ನೋಡಿದ.

“ಏನ್ರೀ ಸಿದ್ರಾಮಪ್ಪ, ಹಾಳಿ ಉಲ್ಟಾ ಅದ.”

“ನಮಗ ಬಾಯಿಪಾಠ ಅದರಿ ಸರ್. ಹಾಳಿ ಬರೇ ಸ್ಟ್ಯಾಂಡ್ ಗಾಳಿಗೆ ಬೀಳಬಾರದಂತ ಇಟ್ಟೀನಿ,” ಎಂದೆ. ಅವನು ತಲೆದೂಗಿ ಹೋದ.

ಇಮಾಮ್ ಮಾಸ್ತರ ತೀರಿಕೊಳ್ಳುವ ಮೊದಲು ಅಣ್ಣನಿಗೆ ಒಂದು ಹಳೆಯ ಪುಸ್ತಕ ಕೊಟ್ಟರು. ಫೌಜಿನಲ್ಲಿದ್ದಾಗ ಕೈಯಲ್ಲಿ ನಕಲು ಮಾಡಿಕೊಂಡದ್ದು. ಮೊದಲ ಹಾಳೆ ಹರಿದುಹೋಗಿತ್ತು, ಬರೆದವನ ಹೆಸರು ಅದರ ಜೊತೆ ಹೋಗಿತ್ತು. ಮುನ್ನೂರು ವರ್ಷದ ಹಿಂದೆ ಯುರೋಪಿನ ಚರ್ಚುಗಳಲ್ಲಿ ಆರ್ಗನ್ ಎಂಬ ಗೋಡೆಯಷ್ಟು ದೊಡ್ಡ ವಾದ್ಯದ ಮೇಲೆ ನುಡಿಸುತ್ತಿದ್ದ ಸಂಗೀತ, ಆ ಕಾಲದ ಪದ್ಧತಿಗೆ ಬರೋಕ್ ಅನ್ನುತ್ತಾರೆ ಎಂದು ಹೇಳಿದ್ದರು. ಅದರಲ್ಲಿ ನಾಲ್ಕು ಸಾಲು, ನಾಲ್ಕೂ ಬೇರೆ ಬೇರೆ. ಅಣ್ಣ ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟ. ಬಹಳ ವರ್ಷ ಅದು ಹಾಗೆಯೇ ಇತ್ತು.

ಆಮೇಲೆ ಡಿಜೆ ಬಂತು. ಟ್ರ್ಯಾಕ್ಟರಿನ ಟ್ರಾಲಿ ಮೇಲೆ ಮನೆಯಷ್ಟು ಎತ್ತರ ಪೆಟ್ಟಿಗೆ ಏರಿಸಿ ಹಾಡು ಹಚ್ಚಿದರೆ ಗೋಡೆಯ ಸುಣ್ಣ ಉದುರುತ್ತದೆ. ನಮ್ಮ ಹದಿನೆಂಟು ಜನರ ಬ್ಯಾಂಡ್ ಹನ್ನೆರಡಾಯಿತು, ಏಳಾಯಿತು. ಕೊನೆಗೆ ಉಳಿದವರು ನಾಲ್ಕು ಜನ, ನಾಲ್ವರೂ ಸ್ಯಾಕ್ಸೋಫೋನಿನವರು: ಅಣ್ಣ, ನಾನು, ಕರಜಗಿಯ ಚಾಂದಸಾಬ, ಅತನೂರಿನ ಭೀಮಶಾ. ಎರಡು ಸಣ್ಣ ವಾದ್ಯ, ಎರಡು ದೊಡ್ಡವು. ನಮ್ಮನ್ನು ಕರೆಯುತ್ತಿದ್ದದ್ದು ಅಕ್ಷತೆಯ ಹೊತ್ತಿಗೆ, ಇಲ್ಲವೇ ಡಿಜೆಯವನು ಚಹಾ ಕುಡಿಯಲು ಹೋದಾಗ.

ನಾವು ಮೂವರು ಅಳುವ ಮುಖ ಮಾಡಿಕೊಂಡಿದ್ದರೆ ಅಣ್ಣ ಬಟ್ಟೆ ಬಿಚ್ಚಿ ಪುಸ್ತಕ ತೆಗೆದ. “ನಾಲ್ಕು ಸಾಲು, ನಾಲ್ಕು ಮಂದಿ. ಇನ್ನೇನು ಬೇಕು?” ಎಂದ.

ಆ ಹೊತ್ತಿಗೆ ಅವನ ಎಡಗಿವಿ ಪೂರ್ತಿ ಹೋಗಿತ್ತು. ಮೂವತ್ತು ವರ್ಷ ದೊಡ್ಡ ಡ್ರಮ್ಮಿನ ಬಲಕ್ಕೆ ನಿಂತದ್ದರ ಫಲ. ಬಲಗಿವಿ ಅರ್ಧ ಉಳಿದಿತ್ತು. ಆದರೆ ಕಾಗದದ ಮೇಲಿನ ಸಂಗೀತ ಅವನ ತಲೆಯೊಳಗೆ ಚೆನ್ನಾಗಿ ಕೇಳುತ್ತಿತ್ತು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ದಿನವಿಡೀ ಬರೆದ. ಆರ್ಗನ್ನಿಗೆ ಉಸಿರು ಬೇಕಿಲ್ಲ, ನಮಗೆ ಬೇಕು. ಅದಕ್ಕೆ ಒಬ್ಬ ಉಸಿರು ತೆಗೆದುಕೊಳ್ಳುವಾಗ ಇನ್ನಿಬ್ಬರು ಆ ಸಂದು ಮುಚ್ಚುವ ಹಾಗೆ ಸಾಲುಗಳನ್ನು ಹಿಗ್ಗಿಸಿದ, ಕುಗ್ಗಿಸಿದ. ನಡುವೆ ನಮ್ಮ ಮೆರವಣಿಗೆಯ ನಡಿಗೆ ತಂದ. ಎರಡು ತಿಂಗಳಿಗೆ ಹಳೆಯದರಿಂದ ಹೊಸದೊಂದು ಹುಟ್ಟಿತು.

ನಮಗೆ ಮಾತ್ರ ಅದರ ತಲೆಬುಡ ತಿಳಿಯಲಿಲ್ಲ. “ನಾಲ್ಕು ಮಂದಿ ನಾಲ್ಕು ಊದಿದ್ರ ಅದು ಸಂತಿ ಆಗ್ತದಲ್ರಿ ಮಾಸ್ತರ?” ಎಂದ ಭೀಮಶಾ.

ಅದೇ ಹೊತ್ತಿಗೆ ಅಂಗಳದಲ್ಲಿ ರೊಟ್ಟಿ ಹಂಚಿಗಾಗಿ ವೈನಿಗೂ ನೀಲಮ್ಮನಿಗೂ ಹತ್ತಿಕೊಂಡಿತ್ತು.

“ನಿನ್ನಿ ನಾ ತಿಕ್ಕಿಟ್ಟ ಹಂಚು ಇದು!” ವೈನಿ ಎತ್ತಿದಳು. ಅವಳು ಮುಂದಕ್ಕೆ ಹೋಗುವಾಗಲೇ ನೀಲಮ್ಮ ಅದೇ ಮಾತನ್ನು ಒಂದು ಮೆಟ್ಟಿಲು ಮೇಲಿಂದ ಹಿಡಿದಳು, “ನೀ ತಿಕ್ಕಿಟ್ಟ ಹಂಚಂತ ಹಂಚು! ಮೊನ್ನಿ ಯಾರು ತಿಕ್ಕಿದ್ರು ಬೇ?” ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರ ಒಂದು ಮಾತೂ ಇನ್ನೊಬ್ಬರಿಗೆ ತಪ್ಪಲಿಲ್ಲ.

ಅಣ್ಣ ಬೆರಳೆತ್ತಿ ತೋರಿಸಿದ. “ನೋಡ್ರಿ. ಒಬ್ಬಾಕಿ ಉಸಿರು ತಗೊಳ್ಳೋವಾಗ ಇನ್ನೊಬ್ಬಾಕಿ ಬಿಡಂಗಿಲ್ಲ. ಮಾತು ಒಂದೇ, ಹಿಡಿಯೋ ಜಾಗ ಬ್ಯಾರೆ. ಯಾರೂ ಯಾರ ಹಿಂದ ಹೋಗಲ್ಲ. ಆದ್ರ ಇಬ್ಬರೂ ಕೂಡೇ ಮುಗಿಸ್ತಾರ.” ಭೀಮಶಾನಿಗೆ ಒಮ್ಮೆಲೇ ತಿಳಿಯಿತು. ಅವನಿಗೆ ಇಬ್ಬರು ಹೆಂಡಿರು.

ಹಾಳೆಗಳನ್ನು ಹಂಚುವಾಗ ಅಣ್ಣ ನಾಲ್ಕನೇ ಸಾಲನ್ನು ನನಗೆ ಕೊಟ್ಟ, ಎಲ್ಲರಿಗಿಂತ ಕೆಳಗಿನದು. “ಇದು ಪುಸ್ತಕದಾಂದಲ್ಲ ಸಿದ್ರಾಮ. ಪುಸ್ತಕದಾಂದು ನಮ್ಮ ವಾದ್ಯಕ್ಕ ಸಿಗಲ್ಲ, ಭಾಳ ಕೆಳಗದ. ಇದು ನಾನೇ ಹೊಸಾದು ಬರದೀನಿ. ಊದು, ನಿನಗೇ ಗೊತ್ತಾಗ್ತದ,” ಎಂದು ನಕ್ಕ. ಆ ನಗು ಯಾಕೆಂದು ಆಗ ತಿಳಿಯಲಿಲ್ಲ.

ನಾನು ಹಾಳೆ ನೋಡಿದೆ. ನುಸಿ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ನಕಲು ಮಾಡಲು ಯಾರೂ ಇರಲಿಲ್ಲ, ನನ್ನ ಸಾಲನ್ನು ಊದುವವನು ನಾನೊಬ್ಬನೇ. ಊದಿದೆ. ಬಾಯಿಗೆ ಬಂದದ್ದು ಊದಿದೆ, ಅಣ್ಣನ ಕಡೆ ಸ್ವಲ್ಪ, ಚಾಂದಸಾಬನ ಕಡೆ ಸ್ವಲ್ಪ ಹೋಗಿ, ಮತ್ತೆ ಎಲ್ಲೋ ಹೊಲದಲ್ಲಿ ಬಿದ್ದೆ. ಉಳಿದವರು ತಮ್ಮ ತಮ್ಮ ಹಾಳೆಯನ್ನು ಜೀವ ಹಿಡಿದುಕೊಂಡ ಹಾಗೆ ಹಿಡಿದಿದ್ದರು. ನನ್ನ ಹಾಳೆಯಲ್ಲಿ ಏನಿದೆ ಎಂದು ಅವರಿಗೆ ಗೊತ್ತಿಲ್ಲ. ಗದ್ದಲ ಮಾತ್ರ ಕೇಳಿತು.

ಅಣ್ಣ ನಿಲ್ಲಿಸಿದ. ಅರ್ಧ ಕಿವಿಗೂ ಅದು ಕೇಳಿತ್ತು. “ಯಾಕ ಹಿಂಗ ಆಗ್ಲಾಕತ್ತದ?”

ಅಲ್ಲಿ ನಾನು “ಅಣ್ಣಾ, ನನಗ ಓದಾಕ ಬರಲ್ಲ,” ಎಂದಿದ್ದರೆ ಮುಗಿದಿತ್ತು. ಎಲ್ಲರೂ ನಗುತ್ತಿದ್ದರು, ನಾನು ಕೆಂಪಾಗುತ್ತಿದ್ದೆ, ಸಂಜೆಯ ಹೊತ್ತಿಗೆ ಭೀಮಶಾ ಅದನ್ನು ಅತನೂರಿಗೆ ಮುಟ್ಟಿಸುತ್ತಿದ್ದ. ಅಷ್ಟೇ. ನಾನು ಹೇಳಿದ್ದು ಇದು: “ನೀ ಬರದಂಗೇ ಊದೀನಣ್ಣ. ನಾಲ್ಕನೇ ಸಾಲು ಕೂಡಂಗಿಲ್ಲ. ನಿನಗ ಕೇಳಲ್ಲ, ನನಗ ಕೇಳ್ತದ.”

ಅಣ್ಣ ಉಳಿದಿಬ್ಬರ ಮುಖ ನೋಡಿದ. “ಕಚಪಚ ಅನ್ಲಾಕತ್ತದ್ರಿ ಮಾಸ್ತರ,” ಎಂದ ಚಾಂದಸಾಬ, ಕೇಳಿದ್ದನ್ನೇ ಹೇಳಿದ.

ಮೂರು ದಿನ ಅಣ್ಣ ಆ ಹಾಳೆ ಹಿಡಿದು ಕೂತ. ಊಟಕ್ಕೆ ಕರೆದರೆ ಬರಲಿಲ್ಲ. ನಾಲ್ಕನೇ ದಿನ ನನ್ನನ್ನು ಕರೆದ. “ಕಾಗದದ ಮ್ಯಾಲೆ ಎಲ್ಲಾ ಸರಿ ಅದ. ನನ್ನ ತಲ್ಯಾಗ ಸರಿ ಕೇಳ್ತದ. ಆದ್ರ ನೀ ಕೂಡಲ್ಲ ಅಂದ್ರ ಕೂಡಲ್ಲ. ಕಿವಿ ಹೋದ್ವು, ಈಗ ತಲಿ ಒಳಗಿಂದೂ ಹೋಯ್ತು ಅನಸ್ತದ.” ಹೀಗೆಂದು ನಾಲ್ಕನೇ ಸಾಲನ್ನು ಹೊಡೆದುಹಾಕಿದ. “ನೀ ನನ್ನ ಸಾಲೇ ಊದು,” ಎಂದ.

ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಸುತ್ತಲೂ ನೋಡಿದ. ಕೋಳಿಗೂಡಿನ ಚಿಲಕದ ಕಡ್ಡಿ ಬಿದ್ದುಹೋಗಿ ವೈನಿ ಎರಡು ದಿನದಿಂದ ಗೊಣಗುತ್ತಿದ್ದಳು. ಪೆನ್ಸಿಲನ್ನು ಆ ಚಿಲಕಕ್ಕೆ ಸಿಕ್ಕಿಸಿದ. ಸರಿಯಾಗಿ ಕೂತಿತು. “ಏನಾರ ಉಪಯೋಗಕ್ಕ ಬಂತಲ್ಲ,” ಎಂದು ಒಳಗೆ ಹೋದ. ಅವತ್ತಿನಿಂದ ಒಂದು ಚುಕ್ಕೆಯನ್ನೂ ಬರೆಯಲಿಲ್ಲ.

ಮೂರು ಸಾಲಿನ ಆ ಸಂಗೀತವನ್ನು ನಾವು ಊದಿದ್ದು ಜೇವರ್ಗಿಯ ಒಬ್ಬ ವಕೀಲರ ಮಗಳ ಮದುವೆಯಲ್ಲಿ. ವಕೀಲರ ತಂದೆಗೆ ಎದೆಯ ಬೇನೆ, ಡಿಜೆ ಬೇಡವೆಂದಿದ್ದರು. ಊಟದ ಪಂಕ್ತಿಯ ಪಕ್ಕ ನಿಂತು ಶುರು ಮಾಡಿದೆವು. ಚಾಂದಸಾಬ ಮೊದಲು ಹೊರಟ. ಅವನು ಮುಂದೆ ಹೋದ ಮೇಲೆ ಭೀಮಶಾ ಅದೇ ಸಾಲು ಹಿಡಿದ.

“ಹಿಂದಿನಾವ ಲೇಟ್ ಆದ ನೋಡು,” ಎಂದರು ಪಂಕ್ತಿಯಲ್ಲಿ ಒಬ್ಬರು. ಭೀಮಶಾನ ಕಿವಿ ಕೆಂಪಾದವು.

ಅಣ್ಣ ಮೂರನೆಯವನಾಗಿ ಹೊರಟ, ಅವನ ಅರೆಗಳಿಗೆ ಹಿಂದೆ ನಾನು. ವರನ ಸೋದರಮಾವ ಬುಂದೆ ಬಡಿಸುವುದನ್ನು ಬಿಟ್ಟು ಬಕೆಟ್ ಹಿಡಿದೇ ನಮ್ಮ ಹತ್ತಿರ ಬಂದ. “ಯಾಕ್ರೀ, ನಿಮ್ಮ ನಿಮ್ಮಾಗ ಏನಾರ ಜಗಳ ಅದ ಏನು? ಒಬ್ರು ಹೇಳಿದ್ದು ಒಬ್ರು ಕೇಳವಲ್ರಿ!” ಆದರೆ ವಕೀಲರ ತಂದೆ ಕೈ ಎತ್ತಿ ಅವನನ್ನು ಸುಮ್ಮನಾಗಿಸಿ, ಎಲೆಯ ಮುಂದೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಹೇಳಿದರು, “ಛಲೋ ಅದ. ಆದ್ರ ಕೆಳಗ ಏನೋ ಖಾಲಿ ಅದ. ಮನಿಗೆ ಪಾಯಾನೇ ಇಲ್ಲದಂಗ.”

ಅಣ್ಣನಿಗೆ ಅದು ಕೇಳಲಿಲ್ಲ. “ಏನಂದ್ರು?” ಎಂದು ನನ್ನನ್ನು ಕೇಳಿದ.

“ಭಾಳ ಛಲೋ ಅದ ಅಂದ್ರಣ್ಣ,” ಎಂದೆ. ಇದು ಎರಡನೇ ಸುಳ್ಳು. ಲೆಕ್ಕಕ್ಕೆ ಇರಲಿ.

ಐದು ವರ್ಷ ಹಾಗೆಯೇ ಹೋಯಿತು. ಅಣ್ಣನ ಬಲಗಿವಿಯೂ ಹೋಯಿತು, ಅವನು ಊದುವುದನ್ನು ಬಿಟ್ಟ. ನನ್ನ ಹಲ್ಲು ಹೋದ ಕಥೆ ಹೇಳಿದ್ದೇನೆ. ಹೋದ ವರ್ಷ ವಾದ್ಯಕ್ಕೆ ನುಸಿಗುಳಿಗೆ ಹಾಕಿಡೋಣ ಎಂದು ಪೆಟ್ಟಿಗೆ ತೆಗೆದೆ. ಬಸ್ಸಿನಲ್ಲಿ ವಾದ್ಯ ಅಲುಗಾಡಬಾರದೆಂದು ತಳಕ್ಕೆ ಅಣ್ಣ ಬಿಸಾಕಿದ್ದ ಒಂದು ಕಾಗದವನ್ನು ಎಂಟು ಮಡಿಕೆ ಮಾಡಿ ಇಟ್ಟಿದ್ದೆ. ಬಿಡಿಸಿದೆ. ನಾಲ್ಕನೇ ಸಾಲು.

ಅದನ್ನು ಹಿಡಿದು ಬಸ್ ಹತ್ತಿ ಕರಜಗಿಗೆ ಹೋದೆ. ಚಾಂದಸಾಬ ಕಬ್ಬಿಗೆ ನೀರು ಹಾಯಿಸುತ್ತಿದ್ದ. ನಲವತ್ತು ವರ್ಷದ ಗುಟ್ಟನ್ನು ಅವನಿಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

“ನಿನಗ ಓದಾಕ ಬರಲ್ಲಂತ ನಮ್ಮ ಎಮ್ಮಿಗೂ ಗೊತ್ತು ಭಾಯಿ. ಹಾಳಿ ಖಾಲಿ ಇದ್ರೂ ತಿರುವ್ತಿದ್ದಿ.”

“ಮತ್ತ ಅವತ್ತ ಅಣ್ಣಗ ಯಾಕ ಹೇಳ್ಲಿಲ್ಲ?”

ಸಲಿಕೆ ನೆಲಕ್ಕೆ ಊರಿ ನಿಂತ. “ಬರದಂಗೇ ಊದೀನಿ ಅಂತ ಕಸಂ ತಿಂದಂಗ ಅಂದಿ. ಮನ್ಯಾಗ ಕುಂತು ಒಂದೊಂದೇ ಸ್ವರ ಅಣ್ಣನ ಹತ್ರ ಕಲಿತಿರಬೇಕು ಅಂದ್ಕೊಂಡೆ. ಸ್ವಂತ ಅಣ್ಣಗ ಸುಳ್ಳು ಹೇಳ್ತಿ ಅಂತ ನಾ ಹೆಂಗ ತಿಳೀಲಿ?” ಅವನ ಮುಖದ ನಗು ಹೋಗಿತ್ತು. ನೀರು ಅದರಷ್ಟಕ್ಕೆ ಬೇರೆ ಸಾಲಿಗೆ ಹರಿಯುತ್ತಿತ್ತು.

ಆದರೂ ಕಲಿಸಿದ. ವಾರಕ್ಕೆ ಎರಡು ದಿನ, ಬದುವಿನ ಮೇಲೆ ಕೂರಿಸಿ, ಕಬ್ಬಿನ ಗರಿಯಿಂದ ಮಣ್ಣಿನಲ್ಲಿ ಐದು ಗೆರೆ ಎಳೆದು. ತಪ್ಪಿದರೆ ಇಮಾಮ್ ಮಾಸ್ತರರ ಹಾಗೆಯೇ ಬೈಯುತ್ತಿದ್ದ. ನುಸಿ ಮೆಲ್ಲಗೆ ಚುಕ್ಕೆಯಾಯಿತು, ಚುಕ್ಕೆ ಸ್ವರವಾಯಿತು. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ವಾದ್ಯ ತೊಡೆಯ ಮೇಲಿಟ್ಟುಕೊಂಡು, ನಾಲ್ಕನೇ ಸಾಲನ್ನು ಎದುರಿಗಿಟ್ಟೆ. ಹಲ್ಲಿಲ್ಲ, ಊದುವ ಹಾಗಿಲ್ಲ. ಬರೀ ಬೆರಳು ಒತ್ತಿದೆ. ಒಂದು ಚುಕ್ಕೆ ಓದುವುದು, ಒಂದು ಬೆರಳು ಒತ್ತುವುದು. ಹತ್ತುವುದೊಂದು. ಹತ್ತುವುದು ಇನ್ನೊಂದು. ಜಿಗಿಯುವುದು. ಇಳಿಯುವುದು. ಐದನೆಯದನ್ನು ಓದುವ ಮೊದಲೇ ಬೆರಳು ಅಲ್ಲಿಗೆ ಹೋಗಿ ಕೂತಿತ್ತು.

ನನ್ನ ಐದು ಸ್ವರ.

ಇಡೀ ಸಾಲು ಅದೇ. ಒಮ್ಮೆ ಎಳೆದು ಎಳೆದು, ಒಮ್ಮೆ ತಲೆಕೆಳಗಾಗಿ, ಒಮ್ಮೆ ಎರಡರಷ್ಟು ವೇಗವಾಗಿ, ಕೊನೆಯಲ್ಲಿ ಮತ್ತೆ ಮೆಲ್ಲಗೆ. ಮೇಲಿನ ಮೂರು ಸಾಲು ಯುರೋಪಿನವು, ಅವು ಒಂದರ ಬೆನ್ನಿಗೆ ಒಂದು ಬಿದ್ದು ಓಡುತ್ತಿದ್ದರೆ, ಕೆಳಗೆ ಪಾಯದಂತೆ ಇದ್ದದ್ದು ನಮ್ಮ ಅಂಗಳದಲ್ಲಿ ಕೋಳಿ ಕರೆಯುವ ಸದ್ದು. ‘ನಿನಗೇ ಗೊತ್ತಾಗ್ತದ’ ಎಂದು ಅಣ್ಣ ನಕ್ಕದ್ದು ಅದಕ್ಕೆ.

ಅವತ್ತು ನೀಲಮ್ಮ ಊಟಕ್ಕೆ ಕರೆದಾಗ ನಾನೂ ಏಳಲಿಲ್ಲ.

ಮರುವಾರ ಹಲ್ಲಿನ ಸೆಟ್ ಹಾಕಿಸಿದೆ. ರೊಟ್ಟಿ ತಿನ್ನಲು ಎಂದು ನೀಲಮ್ಮ ತಿಳಿದು ಖುಷಿಪಟ್ಟಳು. ಅಣ್ಣನಿಗೆ ತಪ್ಪೊಪ್ಪಿಕೊಳ್ಳಬೇಕೆಂದು ನಿರ್ಧರಿಸಿದ್ದೆ. ಇಂಥ ಮಾತನ್ನು ಮೆಲ್ಲಗೆ, ಇಬ್ಬರೇ ಇದ್ದಾಗ, ತಲೆ ತಗ್ಗಿಸಿ ಹೇಳಬೇಕು. ಅಣ್ಣ ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕೂತಿದ್ದ. ನಾನು ತಲೆ ತಗ್ಗಿಸಿ ಹೇಳಿದೆ.

“ಆಂ?” ಎಂದ ಅಣ್ಣ.

ಕಿವಿಯ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ.

“ಜೋರಾಗಿ ಒದರಲೇ!”

“ನನಗ ನೋಟೇಶನ್ ಓದಾಕ ಬರ್ತಿದ್ದಿಲ್ಲ!” ಎಂದು ಒದರಿದೆ. ಪಕ್ಕದ ಮನೆಯ ಗೋಡೆಯ ಮೇಲೆ ಎರಡು ತಲೆ ಕಾಣಿಸಿದವು. ಎದುರಿನ ಕಿರಾಣಿ ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಹೊರಗೆ ಬಂದ. ವೈನಿ ಒಳಗಿಂದ, “ಏನಂತ ಒದರ್ತೀರಿ ಸಿದ್ರಾಮಪ್ಪ, ಯಾರಿಗೇನಾತು?” ಎಂದು ಓಡಿ ಬಂದಳು.

ನಿಲ್ಲಿಸುವ ಹಾಗಿರಲಿಲ್ಲ. “ನಾಲ್ಕನೇ ಸಾಲು ಸರಿ ಇತ್ತಣ್ಣ! ನಾ ಸುಳ್ಳು ಹೇಳ್ದೆ! ಊದಿದ್ದೇ ತಪ್ಪು! ನಿನ್ನ ತಲಿ ಸರಿ ಇತ್ತು!”

“ಹೌದಾ?” ಎಂದ ಕಿರಾಣಿ ಅಂಗಡಿಯವನು.

ಅಣ್ಣನಿಗೆ ಎಷ್ಟು ಕೇಳಿತೋ ತಿಳಿಯಲಿಲ್ಲ. ಹಾಳೆ ಅವನ ಕೈಗೆ ಕೊಟ್ಟೆ. ವಾದ್ಯ ತೆಗೆದೆ, ರೀಡ್ ನೆನೆಸಿದೆ, ಊದಿದೆ. ಹೊಸ ಹಲ್ಲು ಒಳಗೆ ಕಟಕಟ ಎನ್ನುತ್ತಿತ್ತು. ಅಣ್ಣ ಒಂದು ಕಣ್ಣು ಹಾಳೆಯ ಮೇಲೆ, ಒಂದು ಕಣ್ಣು ನನ್ನ ಬೆರಳ ಮೇಲೆ ಇಟ್ಟು ನೋಡಿದ. ಕಿವಿಯಿಲ್ಲದವನಿಗೆ ಸುಳ್ಳು ಹೇಳಬಹುದು, ಬೆರಳು ಓದುವವನಿಗೆ ಹೇಳಲಾಗುವುದಿಲ್ಲ. ಹಾಳೆಯ ಎರಡನೇ ಪಂಕ್ತಿಯ ನಡುವೆ ಕೈ ಎತ್ತಿದ.

“ಅಲ್ಲಿ ತಪ್ಪಿದಿ.”

ನಿಲ್ಲಿಸಿದೆ. ಅವನು ಹಾಳೆಯನ್ನು ನನ್ನ ಮೂಗಿಗೆ ಹಿಡಿದ. “ಇದರಾಗ ನಿನಗ ಓದೂದೇನಿತ್ತಲೇ? ದಿನಾ ಮುಂಜಾನೆ ಇದನ್ನೇ ಊದ್ತಿದ್ದಿ. ನೀ ಮಂದಿ ಹಿಂದ ಹೋಗ್ತಿ ಅಂತ ಗೊತ್ತಿತ್ತು. ನಿನ್ನ ಹಿಂದ ನೀನೇ ಹೋಗ್ಲಿ ಅಂತ ಬರದೆ.” ಹಾಳೆ ಇಳಿಸಿ, “ಎಂಟು ವರ್ಷಲೇ. ನನಗ ಹುಚ್ಚು ಹಿಡೀತಂತ ತಿಳ್ಕೊಂಡು ಎಂಟು ವರ್ಷ ಕುಂತೆ,” ಎಂದ.

ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನು ಎದ್ದು ಅಂಗಳ ದಾಟಿದ. ಕೋಳಿಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಲಕದಿಂದ ಪೆನ್ಸಿಲ್ ಎಳೆದ. ಮಳೆಗೆ ಉಬ್ಬಿ ಬಿಗಿಯಾಗಿತ್ತು, ಎರಡೂ ಕೈ ಹಚ್ಚಿದ. ಬಂತು. ಬಾಗಿಲು ತೆರೆದುಕೊಂಡು ಏಳೂ ಕೋಳಿ ಒಮ್ಮೆಲೇ ಹೊರಗೆ ನುಗ್ಗಿ, ನೀಲಮ್ಮ ಒಣಹಾಕಿದ್ದ ಜೋಳದ ಮೇಲೆ ಬಿದ್ದವು.

“ನಿಮ್ಮ ಕೋಳಿ ಹಿಡೀರಿ ಬೇ!” ನೀಲಮ್ಮ ಎತ್ತಿದಳು.

“ನಮ್ಮ ಕೋಳಿ ಅಂತ ಕೋಳಿ! ಜ್ವಾಳ ಅಲ್ಲೇ ಹಾಕಂದೋರ್ಯಾರು?” ವೈನಿ ಒಂದು ಮೆಟ್ಟಿಲು ಮೇಲಿಂದ ಹಿಡಿದಳು.

ಅಣ್ಣನಿಗೆ ಒಂದೂ ಕೇಳಲಿಲ್ಲ. ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡಿದ, ನೆಕ್ಕಿ ನೋಡಿದ. ಹಳೆಯ ಹಾಳೆಯಲ್ಲಿ ಹೊಡೆದುಹಾಕಿದ್ದ ಸಾಲಿನ ಪಕ್ಕ ಹೊಸದಾಗಿ ಐದು ಗೆರೆ ಎಳೆಯತೊಡಗಿದ. ತಲೆ ಎತ್ತದೆಯೇ ಎಡಗೈ ಬೆರಳಿಂದ ನೆಲ ತೋರಿಸಿದ, ಅಲ್ಲಿ ಕುಂದ್ರು ಎಂದು.

“ಮೊದಲಿಂದ, ಕುರಿ.”

ರೀಡ್ ಇನ್ನೊಮ್ಮೆ ನೆನೆಸಿ, ಹಲ್ಲನ್ನು ಹೆಬ್ಬೆರಳಿಂದ ಮೇಲಕ್ಕೆ ಒತ್ತಿ ಕೂರಿಸಿ, ಊದಿದೆ. ಈ ಸಲ ನನ್ನ ಮುಂದೆ ಯಾರೂ ಇರಲಿಲ್ಲ, ಏಳು ಕೋಳಿ ಬಿಟ್ಟರೆ.